ಅಂಕಪಟ್ಟಿಯ ಮೊದಲ ಸಾಲಿನ ಕಥೆ

ಮನೆಯಲ್ಲಿರುವ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದು ನೋಡಿ. ಒಟ್ಟು 625. ಐದು ವಿಷಯಗಳಿಗೆ ತಲಾ 100, ಪ್ರಥಮ ಭಾಷೆಗೆ ಮಾತ್ರ 125. ಆ ಮೊದಲ ಸಾಲಿಗಾಗಿಯೇ ಹಿಂದೆ ನಾಡು ಬೀದಿಗಿಳಿದಿತ್ತು.

ಆಗ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡವರು ಕನ್ನಡ ಓದದೆಯೇ ಹೈಸ್ಕೂಲು ಮುಗಿಸಬಹುದಿತ್ತು. ಕನ್ನಡವೊಂದೇ ಪ್ರಥಮ ಭಾಷೆಯಾಗಲಿ ಎಂದು ವಿ.ಕೃ. ಗೋಕಾಕ ಸಮಿತಿ 1981ರಲ್ಲಿ ವರದಿ ಕೊಟ್ಟಿತು. ಅದರ ಜಾರಿಗಾಗಿ ಸಾಹಿತಿಗಳು ಚಳವಳಿ ಹೂಡಿದರು. 1982ರಲ್ಲಿ ಡಾ. ರಾಜ್‌ಕುಮಾರ್ ಊರೂರು ತಿರುಗಿದರು. ಸರ್ಕಾರ ಮಣಿಯಿತು. ಆದರೆ 1989ರಲ್ಲಿ ಹೈಕೋರ್ಟ್ ಆ ಕಡ್ಡಾಯವನ್ನು ಒಪ್ಪಲಿಲ್ಲ. ಕೊನೆಗೆ 2015ರ ಕಾಯ್ದೆ, ಕನ್ನಡ ಪ್ರಥಮ ಇಲ್ಲವೇ ದ್ವಿತೀಯ ಭಾಷೆಯಾಗಿ ಇರಲೇಬೇಕು ಎಂದಿತು.

ನಮ್ಮೂರ ಮಕ್ಕಳು ಗಣಿತಕ್ಕೆ, ಇಂಗ್ಲಿಷಿಗೆ ಟ್ಯೂಷನ್ನಿಗೆ ಹೋಗುತ್ತಾರೆ. ಕನ್ನಡ ಹೇಗೂ ಬರುತ್ತದೆ ಅಂತ ಪುಸ್ತಕ ಮುಚ್ಚಿಡುತ್ತಾರೆ. ಹೆಚ್ಚು ಅಂಕ ಇರುವುದು ಅದರಲ್ಲೇ ಎಂದು ಅವರಿಗೊಮ್ಮೆ ಹೇಳಿ.