ಸಾರ್ವಜನಿಕ ಉದ್ಯಮಗಳ ಸಿಬ್ಬಂದಿ ಆಡಳಿತ (ಉತ್ತರ ಬೆಂಗಳೂರು)

ಜಾಲಹಳ್ಳಿ ಮತ್ತು ಯಲಹಂಕದ ಕೇಂದ್ರೋದ್ಯಮಗಳಲ್ಲಿ ನೇಮಕಾತಿ, ವೇತನ, ಕಲ್ಯಾಣ ಹಾಗೂ ಶಿಸ್ತುಕ್ರಮಗಳನ್ನು ನೋಡಿಕೊಳ್ಳುವ ವ್ಯವಸ್ಥೆ. ಹಿಂದೆ ಪರ್ಸನಲ್ ವಿಭಾಗ ಎನಿಸಿದ್ದುದು ಹಲವೆಡೆ ಈಗ ಮಾನವ ಸಂಪನ್ಮೂಲ ವಿಭಾಗ ಅಥವಾ ಎಚ್‌ಆರ್ ಆಗಿದೆ.

ಆರಂಭ: ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಸ್ಥಾಪನೆಯಾದವು. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿಯನ್ನು 1948ರ ಕಾರ್ಖಾನೆ ಕಾಯಿದೆ ಕಡ್ಡಾಯ ಮಾಡಿತ್ತು. ಜಾಲಹಳ್ಳಿ ಆಗ ನಗರದ ಹೊರಗಿತ್ತು. ಹೀಗಾಗಿ ಕ್ಯಾಂಟೀನಿನ ಜೊತೆಗೆ ಕ್ವಾರ್ಟರ್ಸ್, ಬಸ್ಸು, ಶಾಲೆ, ಆಸ್ಪತ್ರೆಗಳನ್ನೂ ಕಂಪನಿಗಳೇ ಒದಗಿಸಬೇಕಾಯಿತು. ನೌಕರನ ಸಂಸಾರದ ಅಗತ್ಯಗಳೂ ಆಡಳಿತದ ಕಡತ ಸೇರಿದವು.

ಮುಷ್ಕರ ಮತ್ತು ನಂತರ: ಬಿಎಚ್‌ಇಎಲ್‌ಗೆ ಸಮಾನ ವೇತನ ಕೇಳಿ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಕಾರ್ಮಿಕರು 1980ರ ಡಿಸೆಂಬರ್ ಕೊನೆಯಿಂದ 77 ದಿನ ಮುಷ್ಕರ ಹೂಡಿದರು. ಸಂಘಗಳೊಡನೆ ಮಾತುಕತೆಗೆ ಕೂರುವವರು ಸ್ಥಳೀಯ ಅಧಿಕಾರಿಗಳಾದರೂ ವೇತನದ ತೀರ್ಮಾನ ದೆಹಲಿಯ ಕೈಯಲ್ಲಿತ್ತೆಂಬುದು ಆಗ ಢಾಳಾಗಿ ಕಂಡಿತು. ಸ್ಥಳೀಯರಿಗೆ ಕೆಲಸ ಎಂಬ ಒತ್ತಾಯವೂ ಬಲವಾಯಿತು. ಕೇಂದ್ರೋದ್ಯಮಗಳ ಸಿ ಮತ್ತು ಡಿ ದರ್ಜೆಯ ಎಲ್ಲ ಹುದ್ದೆಗಳು ಕನ್ನಡಿಗರಿಗೇ ಸಿಗಬೇಕೆಂದು ಸರೋಜಿನಿ ಮಹಿಷಿ ಸಮಿತಿ ಶಿಫಾರಸು ಮಾಡಿತು.

1984ರಲ್ಲಿ ಉದ್ಘಾಟನೆಯಾದ ಯಲಹಂಕದ ಗಾಲಿ ಮತ್ತು ಅಚ್ಚು ಕಾರ್ಖಾನೆಯ ರೀತಿ ಬೇರೆ. ಅದು ಕಂಪನಿಯಲ್ಲ, ರೈಲ್ವೆಯದೇ ಘಟಕ. ವೇತನ ಆಯೋಗವೇ ಅಲ್ಲಿನ ಸಂಬಳದ ಆಧಾರ. ಪರ್ಸನಲ್ ವಿಭಾಗ ಎಂಬ ಹೆಸರೂ ಉಳಿದಿದೆ.

ಉದಾರೀಕರಣದ ನಂತರ: 1991ರ ಬಳಿಕ ಜಾಲಹಳ್ಳಿಯ ಎರಡು ಕಂಪನಿಗಳ ದಾರಿ ಕವಲೊಡೆಯಿತು. ನಷ್ಟಕ್ಕಿಳಿದ ಎಚ್‌ಎಂಟಿಯಲ್ಲಿ ಸ್ವಯಂನಿವೃತ್ತಿಯ ಲೆಕ್ಕ ಚುಕ್ತಾ ಮಾಡುವುದೇ ಸಿಬ್ಬಂದಿ ವಿಭಾಗದ ದೊಡ್ಡ ಹೊಣೆಯಾಯಿತು; 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ರಕ್ಷಣಾ ಬೇಡಿಕೆಯಿಂದ ಬೆಳೆದ ಬಿಇಎಲ್ 2007ರಲ್ಲಿ ನವರತ್ನ ಸ್ಥಾನ ಪಡೆಯಿತು. 2007ರ ವೇತನ ಪರಿಷ್ಕರಣೆ ಕೇಂದ್ರೋದ್ಯಮಗಳ ಅಧಿಕಾರಿಗಳಿಗೆ ಸಾಧನೆ ಆಧಾರಿತ ವೇತನ ತಂದಿತು. ಶೇ 10ರಷ್ಟು ಮಂದಿಯನ್ನು ಕೆಳದರ್ಜೆಗೆ ಸೇರಿಸಬೇಕೆಂಬ ಸೂತ್ರದಿಂದ ಅಂಕ ಹಾಕುವುದೇ ಸೂಕ್ಷ್ಮ ಕೆಲಸವಾಯಿತು.

ಇಂದಿನ ಸ್ಥಿತಿ: ಬಿಇಎಲ್ ಕಾಯಂ ಹುದ್ದೆಗಳ ಜೊತೆಗೆ ಟ್ರೈನಿ ಇಂಜಿನಿಯರ್, ಪ್ರಾಜೆಕ್ಟ್ ಇಂಜಿನಿಯರ್ ಹುದ್ದೆಗಳಿಗೆ ನಿಗದಿತ ಅವಧಿಯ ನೇಮಕ ಮಾಡಿಕೊಳ್ಳುತ್ತದೆ. ಕ್ವಾರ್ಟರ್ಸ್, ನಿವೃತ್ತಿ ಸೌಲಭ್ಯಗಳ ಹಳೆಯ ಚೌಕಟ್ಟು ಕಾಯಂ ನೌಕರಿಗೆಂದು ರೂಪಿಸಿದ್ದು. ಅವಧಿ ಮುಗಿದೊಡನೆ ಹೊರಡುವ ಇಂಜಿನಿಯರುಗಳಿಗೆ ಆ ಚೌಕಟ್ಟು ಒಗ್ಗುವುದಿಲ್ಲ.