ಹಳೆಯ ಆಟಕ್ಕೊಂದು ಬಿಡಾರ

ಮುಂಬಯಿಯಲ್ಲಿ ಬಿಡಾರ ಬದಲಿಸುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಹನ್ನೊಂದು ತಿಂಗಳ ಕರಾರು ಮುಗಿಯಿತೆಂದರೆ ಗಂಟುಮೂಟೆ ಕಟ್ಟಬೇಕು. ಬ್ಯಾಂಕಿನ ನೌಕರಿಗೆಂದು ಧಾರವಾಡದಿಂದ ಬಂದ ನಾನು ಮುಲುಂಡ್, ಠಾಣೆ, ಡೊಂಬಿವಲಿ ಎಂದು ನಾಲ್ಕು ಮನೆ ತಿರುಗಿದೆ. ಪ್ರತಿ ಸಲವೂ ಏನಾದರೊಂದು ಸಾಮಾನು ಹೊಸ ಮನೆಗೆ ಹೊಂದುತ್ತಿರಲಿಲ್ಲ. ಮಗ ಹುಟ್ಟಿದಾಗ ಊರಿನಿಂದ ಅವ್ವ ಕಳಿಸಿದ್ದ ಕಟ್ಟಿಗೆಯ ತೊಟ್ಟಿಲನ್ನೇ ನೋಡಿ. ಮೂರು ತಲೆಮಾರು ತೂಗಿದ ಗಟ್ಟಿ ತೊಟ್ಟಿಲು. ಆದರೆ ಮುಲುಂಡಿನ ಆ ಮನೆಯ ಸ್ಲ್ಯಾಬಿನಲ್ಲಿ ಹಗ್ಗ ಕಟ್ಟಲು ಜಂತಿ ಇಲ್ಲ, ಕೊಂಡಿಯೂ ಇಲ್ಲ. ತೊಟ್ಟಿಲು ಕೆಟ್ಟಿರಲಿಲ್ಲ, ಅದನ್ನು ತೂಗುಹಾಕುವ ಮನೆ ಬೇರೆಯಾಗಿತ್ತು, ಅಷ್ಟೆ.

ಕಂಪ್ಯೂಟರಿನ ಆಟಗಳಿಗೂ ಇದೇ ಗತಿ ಬರುತ್ತದೆ ಎಂದು ನನಗೆ ತಿಳಿದದ್ದು 2003ರಲ್ಲಿ.

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು 1995ರಲ್ಲಿ. ಬೆಂಗಳೂರಿಗೆ ಎಸ್.ಪಿ. ರೋಡ್ ಹೇಗೋ ಮುಂಬಯಿಗೆ ಲ್ಯಾಮಿಂಗ್ಟನ್ ರೋಡ್ ಹಾಗೆ. ಪಿ.ಎಫ್.ನಿಂದ ಸಾಲ ತೆಗೆದು, ಸಹೋದ್ಯೋಗಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಬಿಡಿಭಾಗ ಜೋಡಿಸಿದ 486 ಮಶೀನೊಂದನ್ನು ಟ್ಯಾಕ್ಸಿಯಲ್ಲಿ ತಂದೆವು. ಅವರೇ ಎರಡು ಫ್ಲಾಪಿ ಕೊಟ್ಟರು. ಒಂದರಲ್ಲಿ ‘ಡೇಂಜರಸ್ ಡೇವ್’, ಇನ್ನೊಂದರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’. ಎರಡೂ ನಕಲು ಎಂದು ಒಪ್ಪಿಕೊಂಡುಬಿಡುತ್ತೇನೆ. ಆ ಕಾಲದಲ್ಲಿ ನಮ್ಮಂಥವರ ಮನೆಗೆ ಆಟ ಬರುತ್ತಿದ್ದದ್ದೇ ಹಾಗೆ.

ಎರಡನೆಯ ಆಟದ ಹಿಂದೆ ಒಂದು ಮನೆತನದ ಕಥೆಯೇ ಇದೆ. ಅಮೆರಿಕದ ಜೋರ್ಡನ್ ಮೆಕ್ನರ್ ಎಂಬ ತರುಣ ಅದನ್ನು ಮೊದಲು ಆ್ಯಪಲ್ 2 ಕಂಪ್ಯೂಟರಿಗಾಗಿ ಬರೆದ. ಅದು 1989ರಲ್ಲಿ ಹೊರಬಂತು, ಮರುವರ್ಷ ನಮ್ಮ ಪಿ.ಸಿ.ಗಳಿಗೂ ಬಂತು. ತನ್ನ ತಮ್ಮ ಡೇವಿಡ್ ಓಡುವುದನ್ನು, ಹಾರುವುದನ್ನು, ಗೋಡೆ ಹಿಡಿದು ಜೋತಾಡುವುದನ್ನು ವಿಡಿಯೊ ತೆಗೆದು, ಆ ಚಿತ್ರಗಳ ಮೇಲೆ ಒಂದೊಂದಾಗಿ ತಿದ್ದಿ ರಾಜಕುಮಾರನನ್ನು ಮಾಡಿದ. ಸಂಗೀತ ಕೂಡಿಸಿದವರು ಅವನ ತಂದೆ ಫ್ರಾನ್ಸಿಸ್. ಅದಕ್ಕೇ ಆ ಬೊಂಬೆ ಎಡವಿದರೂ ಮನುಷ್ಯ ಎಡವಿದಂತೆ ಕಾಣುತ್ತಿತ್ತು. ಆಟದ ಅವಧಿ ಒಂದೇ ಗಂಟೆ. ಅರವತ್ತು ನಿಮಿಷದೊಳಗೆ ನೆಲಮಾಳಿಗೆಯಿಂದ ಮೇಲೆ ಹತ್ತಿ ರಾಜಕುಮಾರಿಯನ್ನು ಬಿಡಿಸಬೇಕು.

ನನ್ನ ಮಗನಿಗೆ ಆಗ ಒಂಬತ್ತು ವರ್ಷ. ಶಾಲೆಯಲ್ಲಿ ಇಂಗ್ಲಿಷು, ಕೆಳಗಿನ ಮೈದಾನದಲ್ಲಿ ಮರಾಠಿ, ಟಿ.ವಿ.ಯಲ್ಲಿ ಹಿಂದಿ. ಕನ್ನಡದಲ್ಲಿ ಏನು ಕೇಳಿದರೂ ಹಿಂದಿಯಲ್ಲಿ ಉತ್ತರ ಬರುತ್ತಿತ್ತು. ಆದರೆ ಈ ಆಟದ ಮುಂದೆ ಇಬ್ಬರೂ ಕೂತಾಗ ಮಾತ್ರ ಅವನ ಬಾಯಲ್ಲಿ ಕನ್ನಡ. ಯಾಕೆಂದರೆ ಅಲ್ಲಿನ ಸಾಮಾನಿಗೆಲ್ಲ ಹೆಸರಿಟ್ಟವನು ನಾನು. ಗಪ್ಪನೆ ಬಾಯಿ ಮುಚ್ಚುವ ಕಬ್ಬಿಣದ ಹಲ್ಲು ‘ಅಡಕೊತ್ತು’. ಕಾಲಿಟ್ಟರೆ ಕುಸಿಯುವ ನೆಲ ‘ಸಡ್ಲ ಫರಸಿ’. ಜೀವ ತುಂಬುವ ಬಾಟಲಿ ‘ಕಷಾಯ’. ಎದ್ದು ಕತ್ತಿ ಹಿಡಿಯುವ ಅಸ್ಥಿಪಂಜರ ‘ಎಲುಬಪ್ಪ’. “ತಡೀ ಪಾ… ಅಡಕೊತ್ತು ಬಾಯಿ ತಗೀಲಿ… ಈಗ ಜಿಗಿ!” ಎಂದು ಅವನು ಕೂಗಿದರೆ ಅಡಿಗೆಮನೆಯಿಂದ ಅವನ ತಾಯಿ ನಗುತ್ತಿದ್ದಳು.

ಈಗ ಸ್ವಲ್ಪ ಒಳಗಿನ ಸಂಗತಿ ಹೇಳಬೇಕು. ಆ ಕಾಲದ ಆಟಗಳು ಓಡುತ್ತಿದ್ದದ್ದು ಡಾಸ್ ಎಂಬ ವ್ಯವಸ್ಥೆಯ ಮೇಲೆ. 1981ರ ಐಬಿಎಂ ಪಿ.ಸಿ.ಯಿಂದ ಬಂದ ಸಂಪ್ರದಾಯವದು. ಒಂದು ಸಲಕ್ಕೆ ಒಂದೇ ಕಾರ್ಯಕ್ರಮ, ಅದೇ ಮನೆಯ ಯಜಮಾನ. ಚಿತ್ರ ಬೇಕಾದರೆ ನೇರವಾಗಿ ಪರದೆಯ ಸ್ಮೃತಿಗೆ ಬರೆಯುತ್ತದೆ, ಸದ್ದು ಬೇಕಾದರೆ ನೇರವಾಗಿ ಸೌಂಡ್ ಕಾರ್ಡಿಗೆ ಕೈಹಾಕುತ್ತದೆ. ಯಾರನ್ನೂ ಕೇಳುವ ಹಂಗಿಲ್ಲ. ಜಾಗ ಮಾತ್ರ ಇಕ್ಕಟ್ಟು, 640 ಕಿಲೋಬೈಟ್. ಯಂತ್ರದಲ್ಲಿ 4 ಮೆಗಾಬೈಟ್ ಇದ್ದರೂ ಸಾಮಾನ್ಯ ಕಾರ್ಯಕ್ರಮಗಳು ಆ 640ರಲ್ಲೇ ಸಂಸಾರ ಮಾಡಬೇಕು. ದೊಡ್ಡ ಆಟವಾದರೆ ಎರಡು ಪುಟ್ಟ ಫೈಲುಗಳನ್ನು ತಿದ್ದಿ, ಮೌಸಿನ ಡ್ರೈವರನ್ನೂ ಹೊರಗೆ ಹಾಕಿ, ಜಾಗ ಮಾಡಿಕೊಡುತ್ತಿದ್ದೆವು. ಒಂದೇ ಕೋಣೆಯ ಚಾಳಿನಲ್ಲಿ ನೆಂಟರು ಬಂದಾಗ ಮಂಚ ಹೊರಗಿಟ್ಟ ಹಾಗೆ!

1995ರ ಆಗಸ್ಟಿನಲ್ಲಿ ವಿಂಡೋಸ್ 95 ಬಂತು, ಆಮೇಲೆ 98. ನೋಡಲು ಹೊಸ ಮನೆ, ಬುನಾದಿಯಲ್ಲಿ ಇನ್ನೂ ಡಾಸ್. ಹಟ ಹಿಡಿದ ಆಟವಿದ್ದರೆ ಯಂತ್ರವನ್ನು ಡಾಸ್ ರೀತಿಯಲ್ಲಿ ಮತ್ತೆ ಶುರುಮಾಡಬಹುದಿತ್ತು. ಹಳೆಯದನ್ನು ಉಳಿಸಿಕೊಳ್ಳಲು ಮೈಕ್ರೋಸಾಫ್ಟಿನವರು ಎಷ್ಟು ಪಾಡುಪಟ್ಟರು ಎಂಬುದಕ್ಕೆ ಒಂದು ಪ್ರಸಂಗವಿದೆ. ‘ಸಿಮ್‌ಸಿಟಿ’ ಆಟದಲ್ಲಿ ಒಂದು ತಪ್ಪಿತ್ತು. ಬಿಟ್ಟುಕೊಟ್ಟ ಸ್ಮೃತಿಯನ್ನೇ ಅದು ಮತ್ತೆ ಓದುತ್ತಿತ್ತು. ಡಾಸ್‌ನಲ್ಲಿ ಆ ಜಾಗಕ್ಕೆ ಬೇರೆ ಯಾರೂ ಬರುತ್ತಿರಲಿಲ್ಲವಾದ್ದರಿಂದ ನಡೆದುಹೋಗುತ್ತಿತ್ತು, ವಿಂಡೋಸ್‌ನಲ್ಲಿ ಕುಸಿಯುತ್ತಿತ್ತು. ಸಿಮ್‌ಸಿಟಿ ಓಡುತ್ತಿದ್ದರೆ ಮಾತ್ರ ಸ್ಮೃತಿ ಹಂಚುವ ರೀತಿಯನ್ನೇ ಬದಲಿಸುವ ವಿಶೇಷ ಏರ್ಪಾಟನ್ನು ವಿಂಡೋಸ್‌ನೊಳಗೇ ಇಟ್ಟರು ಎಂದು, ಹಿಂದೆ ಅದೇ ಕಂಪನಿಯಲ್ಲಿದ್ದ ಜೋಯೆಲ್ ಸ್ಪೋಲ್ಸ್ಕಿ 2000ದಲ್ಲಿ ಬರೆದಿದ್ದಾರೆ.

ಎಲ್ಲ ತೊಂದರೆಯೂ ವಿಂಡೋಸ್‌ನದಲ್ಲ. ಚಿಪ್ಪಿನ ವೇಗವೂ ಒಂದು ಶತ್ರು. 1981ರ ಪಿ.ಸಿ.ಯ ವೇಗ 4.77 ಮೆಗಾಹರ್ಟ್ಸ್. ಅದನ್ನೇ ಗಡಿಯಾರವೆಂದು ನಂಬಿ ಬರೆದ ಕೆಲವು ಆಟಗಳು ಪೆಂಟಿಯಮ್ ಮೇಲೆ ಹುಚ್ಚು ಹಿಡಿದಂತೆ ಓಡಿದವು. ಹಳೆಯ ಕ್ಯಾಬಿನೆಟ್ಟುಗಳ ಮೇಲಿದ್ದ ‘ಟರ್ಬೊ’ ಗುಂಡಿ ನೆನಪಿದೆಯೇ? ಯಂತ್ರವನ್ನು ಇಂಥ ಕಾರ್ಯಕ್ರಮಗಳಿಗಾಗಿ ನಿಧಾನ ಮಾಡುವುದೇ ಅದರ ನಿಜವಾದ ಕೆಲಸ. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಎಷ್ಟೋ ಕಾರ್ಯಕ್ರಮಗಳು ವೇಗದ ಚಿಪ್ಪಿನ ಮೇಲೆ ‘ರನ್‌ಟೈಮ್ ಎರರ್ 200’ ಎಂದು ನಿಂತುಬಿಡುತ್ತಿದ್ದವು. ಶುರುವಿನಲ್ಲಿ ಯಂತ್ರದ ವೇಗ ಅಳೆಯುವ ಲೆಕ್ಕವೇ ತಪ್ಪಿಹೋಗುತ್ತಿತ್ತು.

ನಿಜವಾದ ಒಡಕು ಬಂದದ್ದು 2001ರ ಅಕ್ಟೋಬರಿನ ಎಕ್ಸ್‌ಪಿಯಿಂದ. ಅದರ ಬುನಾದಿ ಡಾಸ್ ಅಲ್ಲ, 1993ರಿಂದ ಕಚೇರಿಗಳಿಗೆಂದು ಬೆಳೆಸಿದ ಎನ್‌ಟಿ. ಇಲ್ಲಿ ಯಾವ ಕಾರ್ಯಕ್ರಮವೂ ನೇರವಾಗಿ ಯಂತ್ರಕ್ಕೆ ಕೈಹಾಕುವಂತಿಲ್ಲ, ಎಲ್ಲದಕ್ಕೂ ಸೊಸೈಟಿಯ ಸೆಕ್ರೆಟರಿಯ ಅಪ್ಪಣೆ ಬೇಕು. ಒಂದು ಕಾರ್ಯಕ್ರಮ ಬಿದ್ದರೆ ಇಡೀ ಯಂತ್ರ ಬೀಳಬಾರದು ಎಂಬುದೇ ಉದ್ದೇಶ, ಒಳ್ಳೆಯದೇ. ಹಳಬರಿಗಾಗಿ ಒಳಗೊಂದು ತೋರಿಕೆಯ ಡಾಸ್ ಇಟ್ಟಿದ್ದರು. ಬಲಗುಂಡಿ ಒತ್ತಿ ‘ಕಂಪ್ಯಾಟಿಬಿಲಿಟಿ’ ಪುಟಕ್ಕೆ ಹೋದರೆ, ವಿಂಡೋಸ್ 95ಕ್ಕೆಂದು ಬರೆದ ಆಟಕ್ಕೆ ‘ನೀನಿನ್ನೂ 95ರಲ್ಲೇ ಇದ್ದೀ’ ಎಂದು ಸುಳ್ಳು ಹೇಳುವ ಸೌಲಭ್ಯವೂ ಇತ್ತು.

2003ರಲ್ಲಿ ನಾವು ಎಕ್ಸ್‌ಪಿ ಹಾಕಿಸಿದೆವು. ಪ್ರಿನ್ಸ್ ಓಡಿತು, ಆದರೆ ಸದ್ದಿಲ್ಲ. ಕತ್ತಿಗೆ ಕತ್ತಿ ತಾಗಿದ ಖಣಿ ಇಲ್ಲ, ಬಾಗಿಲಿನ ಗರಗರ ಇಲ್ಲ. “ಅಪ್ಪಾ, ನಮ್ಮ ಹುಡುಗ ಮೂಕ ಆಗ್ಯಾನಲ್ಲ” ಎಂದ ಮಗ. ಅವನಿಗೆ ಆಗ ಹದಿನೇಳು. ಮೀಸೆ ಬಂದಿದ್ದರೂ ದನಿಯಲ್ಲಿ ಒಂಬತ್ತರ ಹುಡುಗನಿದ್ದ. ಹಾಕಿಕೊಟ್ಟ ಅಂಗಡಿಯವನನ್ನು ಕೇಳಿದರೆ, ಹೊಸ ಆಟ ತಗೊಳ್ಳಿ ಸಾಹೇಬರೇ ಎಂದು ನಕ್ಕ.

2010ರಲ್ಲಿ ಮಗ ಪುಣೆಯಲ್ಲಿ ಕೆಲಸಕ್ಕೆ ಸೇರಿ 64 ಬಿಟ್‌ನ ವಿಂಡೋಸ್ 7 ಇದ್ದ ಲ್ಯಾಪ್‌ಟಾಪ್ ತಂದ. ಈ ಸಲ ಮೂಕನೂ ಆಗಲಿಲ್ಲ, ಹುಟ್ಟಲೇ ಇಲ್ಲ. ಈ ಫೈಲು ನಿಮ್ಮ ವಿಂಡೋಸ್‌ಗೆ ಹೊಂದುವುದಿಲ್ಲ ಎಂಬ ಒಂದು ಚೀಟಿ ಬಂತು, ಅಷ್ಟೇ. ಕಾರಣ ಚಿಪ್ಪಿನಲ್ಲೇ ಇದೆ. 64 ಬಿಟ್ ರೀತಿಯಲ್ಲಿ ನಡೆಯುವಾಗ, ಹಳೆಯ 8086ರಂತೆ ನಟಿಸುವ ಸೌಕರ್ಯ ಅದಕ್ಕೆ ಇಲ್ಲ. ಹಾಗಾಗಿ 64 ಬಿಟ್ ವಿಂಡೋಸ್‌ನಲ್ಲಿ ಆ ತೋರಿಕೆಯ ಡಾಸ್ ಕೂಡ ಇಲ್ಲ. 2021ರ ವಿಂಡೋಸ್ 11 ಬಂದದ್ದೇ 64 ಬಿಟ್‌ನಲ್ಲಿ ಮಾತ್ರ. ದುಡ್ಡು ಕೊಟ್ಟು ಸಿ.ಡಿ. ಕೊಂಡವರೂ ಪಾರಾಗಲಿಲ್ಲ. ನಕಲು ತಡೆಯಲು ಹಲವು ಆಟಗಳಲ್ಲಿ ಹಾಕಿದ್ದ ‘ಸೇಫ್‌ಡಿಸ್ಕ್’ ಎಂಬ ಬೀಗವನ್ನು 2015ರ ವಿಂಡೋಸ್ 10 ಒಪ್ಪಲಿಲ್ಲ. ಆ ಬೀಗದ ಡ್ರೈವರು ಕಳ್ಳರಿಗೆ ಕಿಂಡಿಯಾಗಬಹುದೆಂಬುದು ಅದಕ್ಕಿದ್ದ ಕಾರಣ. ನಕಲಿನವರನ್ನು ತಡೆಯಲು ಹಾಕಿದ ಬೀಗ ಕೊನೆಗೆ ಮನೆಯವರನ್ನೇ ಹೊರಗೆ ನಿಲ್ಲಿಸಿತು.

ಹಾಗಾದರೆ ಹಳೆಯ ಆಟ ಸತ್ತಿತೇ? ಇಲ್ಲ. ನೆದರ್ಲೆಂಡ್ಸ್‌ನ ಪೀಟರ್ ವೀನ್‌ಸ್ಟ್ರಾ ಮತ್ತು ಶುರ್ಡ್ ವಾನ್ ಡರ್ ಬರ್ಗ್ ಶುರುಮಾಡಿದ ‘ಡಾಸ್‌ಬಾಕ್ಸ್’ 2002ರಲ್ಲಿ ಹೊರಬಂತು. ಪುಕ್ಕಟೆ. ಅದು ಆಟವನ್ನು ತಿದ್ದುವುದಿಲ್ಲ, ಆಟದ ಸುತ್ತ ಇಡೀ ಹಳೆಯ ಯಂತ್ರವನ್ನೇ ಕಟ್ಟಿಕೊಡುತ್ತದೆ. ಹಳೆಯ ಚಿಪ್ಪು, ಹಳೆಯ ಪರದೆ, ಹಳೆಯ ಸೌಂಡ್ ಕಾರ್ಡು ಎಲ್ಲವೂ ಕಾರ್ಯಕ್ರಮದ ರೂಪದಲ್ಲಿ. ನಮ್ಮ ಫೋಲ್ಡರನ್ನು ತೋರಿಸಿ ಇದೇ ನಿನ್ನ ಸಿ ಡ್ರೈವ್ ಎನ್ನಬೇಕು. ವೇಗ ಹೆಚ್ಚಾದರೆ ಕಂಟ್ರೋಲ್ ಜೊತೆ ಎಫ್11, ಕಡಿಮೆಯಾದರೆ ಎಫ್12. 2008ರಲ್ಲಿ ಪೋಲೆಂಡಿನಲ್ಲಿ ಹುಟ್ಟಿದ ‘ಗುಡ್ ಓಲ್ಡ್ ಗೇಮ್ಸ್’ ಎಂಬ ಅಂಗಡಿ ಎಷ್ಟೋ ಹಳೆಯ ಆಟಗಳನ್ನು ಇದೇ ಡಾಸ್‌ಬಾಕ್ಸಿನಲ್ಲಿ ಕಟ್ಟಿ ಕಾಯಿದೆ ಪ್ರಕಾರ ಮಾರತೊಡಗಿತು.

ಊರು ಬಿಟ್ಟವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಡೊಂಬಿವಲಿಯ ಬಾಡಿಗೆ ಹಾಲಿನಲ್ಲಿ ನಾಡಹಬ್ಬ ಮಾಡಿ, ಮೂರು ಗಂಟೆ ಧಾರವಾಡ ಕಟ್ಟಿಕೊಂಡು, ರಾತ್ರಿ ಲೋಕಲ್ ಹಿಡಿಯುವ ನಾವು ಮಾಡುವುದೂ ಅದೇ ಅಲ್ಲವೇ?

ಆದರೆ ಬಿಡಾರ ಕಟ್ಟಲು ಮೊದಲು ಸಾಮಾನು ಕೈಯಲ್ಲಿರಬೇಕು. ಸ್ವತಃ ಮೆಕ್ನರ್‌ಗೇ ತನ್ನ ಆಟದ ಮೂಲ ಬರಹ ಎಲ್ಲಿದೆಯೆಂದು ವರ್ಷಗಟ್ಟಲೆ ಸಿಕ್ಕಿರಲಿಲ್ಲ. 2012ರಲ್ಲಿ ಅವನ ತಂದೆ, ಅದೇ ಸಂಗೀತ ಕೂಡಿಸಿದವರು, ಮನೆ ಸ್ವಚ್ಛ ಮಾಡುವಾಗ ಸಿಕ್ಕ ಒಂದು ಡಬ್ಬಿ ಕಳಿಸಿಕೊಟ್ಟರು. ಅದರಲ್ಲಿದ್ದವು ಆ ಡಿಸ್ಕುಗಳು. ಬಲ್ಲವರ ನೆರವಿನಿಂದ ಏಪ್ರಿಲಿನಲ್ಲಿ ಓದಿಸಿ ಅವನು ಎಲ್ಲರಿಗೂ ಮುಕ್ತವಾಗಿ ಕೊಟ್ಟ.

ನಮ್ಮ ಫ್ಲಾಪಿಗಳಿಗೆ ಆ ಭಾಗ್ಯ ಇರಲಿಲ್ಲ. ಮುಂಬಯಿಯ ಮಳೆಗಾಲಕ್ಕೆ ಎರಡಕ್ಕೂ ಬೂಷ್ಟು ಹಿಡಿದಿತ್ತು. ಉಳಿದದ್ದು ಮಗ ಪ್ರತಿ ಸಲ ಹಳೆಯ ಹಾರ್ಡ್ ಡಿಸ್ಕಿನಿಂದ ಹೊಸದಕ್ಕೆ ಮರೆಯದೆ ಹೊತ್ತ ಒಂದು ಫೋಲ್ಡರಿನಿಂದ. ಅದೇ ಡಿಸ್ಕಿನಲ್ಲಿ ಇನ್ನೊಂದೂ ಇತ್ತು, 1999ರಲ್ಲಿ ನಮ್ಮ ಸಂಘದ ಸ್ಮರಣ ಸಂಚಿಕೆಗೆ ಹಿರಿಯರು ಬರೆದುಕೊಟ್ಟು ನಾನು ಟೈಪು ಮಾಡಿದ ನೆನಪುಗಳು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಅಂದಿನ ಫಾಂಟು. ಎಕ್ಸ್‌ಪಿ ತನ್ನೊಂದಿಗೆ ಯುನಿಕೋಡಿನ ‘ತುಂಗಾ’ ತಂದಿತು, ನಮ್ಮ ಹಳೆಯ ಫಾಂಟು ಹಿಂದೆ ಉಳಿಯಿತು. ಮೊನ್ನೆ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಬರೆದ ಹಿರಿಯರಲ್ಲಿ ಹಲವರು ಈಗಿಲ್ಲ. ಪ್ರಿನ್ಸ್‌ಗೆ ಜಗತ್ತಿನ ತುಂಬ ಅಭಿಮಾನಿಗಳಿದ್ದಾರೆ, ಯಾರೋ ಒಬ್ಬರು ಉಳಿಸಿಯೇ ಉಳಿಸುತ್ತಾರೆ. ಆ ನಲವತ್ತು ಪುಟಕ್ಕೆ ನಾನೊಬ್ಬನೇ. ಪರಿವರ್ತಕದಲ್ಲಿ ಹಾಕಿ, ಒತ್ತಕ್ಷರ ತಪ್ಪಿದಲ್ಲೆಲ್ಲ ಕೈಯಿಂದ ತಿದ್ದುತ್ತ ಕೂತಿದ್ದೇನೆ, ದಿನಕ್ಕೆ ಎರಡು ಪುಟ. ನಿಮ್ಮ ಮನೆಯ ಕಪಾಟಿನಲ್ಲೂ ಇಂಥ ಡಿಸ್ಕು ಇದ್ದರೆ, ಅದನ್ನು ಓದಬಲ್ಲ ಯಂತ್ರ ಇನ್ನೂ ಉಸಿರಾಡುತ್ತಿರುವಾಗಲೇ ಹೊರಗೆ ತೆಗೆಯಿರಿ.

ಕಳೆದ ದೀಪಾವಳಿಗೆ ಮಗ ಬಂದಿದ್ದ. ಊಟವಾದ ಮೇಲೆ ಡಾಸ್‌ಬಾಕ್ಸ್ ಹಾಕಿ ಫೋಲ್ಡರು ತೋರಿಸಿದ. ಸದ್ದು ಸಮೇತ ಬಾಗಿಲು ಗರಗರ ಎಂದಿತು. ಎಂಟು ವರ್ಷದ ಮೊಮ್ಮಗಳು ಪುಣೆಯಲ್ಲೇ ಹುಟ್ಟಿದವಳು, ನನ್ನ ಜೊತೆ ಅರ್ಧ ಮರಾಠಿಯಲ್ಲಿ ಮಾತಾಡುತ್ತಾಳೆ. ಅಪ್ಪನ ತೊಡೆಯ ಮೇಲೆ ಕೂತು ಮೊದಲನೆಯ ಹಂತ ದಾಟಿದಳು, ಎರಡನೆಯದರಲ್ಲಿ ಕಬ್ಬಿಣದ ಹಲ್ಲಿನ ಮುಂದೆ ಬಂದು ನಿಂತಳು.

“ಅಜ್ಜಾ, ಇದಕ್ಕ ಏನಂತಾರ?” ಎಂದು ನನ್ನ ಕಡೆ ತಿರುಗಿದಳು.

ನಾನು ಬಾಯಿ ತೆಗೆಯುವ ಮೊದಲೇ ಅವಳಪ್ಪ ಹೇಳಿದ, “ಅಡಕೊತ್ತು. ತಡಿ… ಬಾಯಿ ತಗೀಲಿ…”