ಮಕ್ಕಳಿಗೆ ಕಥೇತರ ಪುಸ್ತಕ: ಆಯ್ಕೆ ಹೇಗೆ?

ಮಕ್ಕಳ ಓದು ಎಂದೊಡನೆ ಬಹುತೇಕ ಪೋಷಕರಿಗೆ ನೆನಪಾಗುವುದು ಕಥೆ ಪುಸ್ತಕಗಳೇ. ಪಂಚತಂತ್ರ, ತೆನಾಲಿ ರಾಮಕೃಷ್ಣ, ಅಕ್ಬರ್-ಬೀರಬಲ್ಲರ ಕಥೆಗಳನ್ನು ತಂದುಕೊಟ್ಟಾಗ ಮಗು ಪುಟ ತಿರುವದೇ ಬದಿಗಿಟ್ಟರೆ, ಅದಕ್ಕೆ ಓದಿನಲ್ಲಿ ಆಸಕ್ತಿಯೇ ಇಲ್ಲವೆಂದು ತೀರ್ಮಾನಿಸುವುದು ರೂಢಿ. ಅದೇ ಮಗು ರೈಲ್ವೆ ವೇಳಾಪಟ್ಟಿಯನ್ನೋ, ಕ್ರಿಕೆಟ್ ಅಂಕಿಅಂಶಗಳನ್ನೋ, ಡೈನೋಸಾರ್‌ಗಳ ವಿವರಗಳನ್ನೋ ತದೇಕಚಿತ್ತದಿಂದ ಓದುತ್ತಿರಬಹುದು. ಅದಕ್ಕೆ ಬೇಕಿರುವುದು ನಿಜಸಂಗತಿಯ ಓದು. ಇದನ್ನು ಹಿರಿಯರು ಗ್ರಹಿಸದೆ ಹೋದರೆ ಒಬ್ಬ ಒಳ್ಳೆಯ ಓದುಗನನ್ನು ಎಳೆಯ ವಯಸ್ಸಿನಲ್ಲೇ ಕಳೆದುಕೊಂಡಂತೆ.

ವಿಜ್ಞಾನ, ಇತಿಹಾಸ, ಜೀವನಚರಿತ್ರೆ, ಪ್ರವಾಸ, ಪ್ರಾಣಿ-ಪಕ್ಷಿ, ಕ್ರೀಡೆ, ಕಲೆ, ಕೈಕೆಲಸ ಮೊದಲಾದ ವಿಷಯಗಳ ಪುಸ್ತಕಗಳೆಲ್ಲ ಕಥೇತರ ಸಾಹಿತ್ಯದ ವ್ಯಾಪ್ತಿಗೆ ಬರುತ್ತವೆ. ಮೊದಲ ಮೂರು ತರಗತಿಗಳಲ್ಲಿ ಮಗು ಓದಲು ಕಲಿಯುತ್ತದೆ. ನಾಲ್ಕು-ಐದನೇ ತರಗತಿಯಿಂದಾಚೆಗೆ ಓದಿಯೇ ಕಲಿಯಬೇಕಾಗುತ್ತದೆ. ಕಥೆಯನ್ನಷ್ಟೇ ಓದಿ ಅಭ್ಯಾಸವಾದ ಮಗುವಿಗೆ ವಿವರಣೆ, ಹೋಲಿಕೆ, ಕಾರಣ-ಪರಿಣಾಮಗಳನ್ನೊಳಗೊಂಡ ಬರಹ ಆ ಹಂತದಲ್ಲಿ ಏಕಾಏಕಿ ಕಠಿಣವೆನಿಸುವುದುಂಟು. ಇಷ್ಟಪಟ್ಟು ಓದಿದ ಕಥೇತರ ಪುಸ್ತಕಗಳು ಈ ಕಂದರಕ್ಕೆ ಸೇತುವೆಯಾಗಬಲ್ಲವು.

ಕನ್ನಡದ ಪರಂಪರೆ

ಈ ಪ್ರಕಾರ ಕನ್ನಡಕ್ಕೆ ಹೊಸದೇನಲ್ಲ. ಡಾ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ರಚಿಸಿದರು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ಕಿರಿಯರ ವಿಶ್ವಕೋಶ 'ಜ್ಞಾನ ಗಂಗೋತ್ರಿ' ಹೊರಬಂದಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲ ವಿಜ್ಞಾನ' ಮಾಸಪತ್ರಿಕೆಯನ್ನು ಹೊರತಂದಿತು. ಪ್ರೌಢಶಾಲಾ ವಯಸ್ಸಿನ ಆಸಕ್ತರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ', ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೃತಿಗಳು ಇಂದಿಗೂ ರುಚಿಸುತ್ತವೆ. ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅನುಭವವನ್ನು ಹೇಳುವ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಮಾಹಿತಿ ಮತ್ತು ಸ್ವಾರಸ್ಯ ಒಂದೇ ಪುಟದಲ್ಲಿ ಬಾಳಬಲ್ಲವು ಎಂಬುದಕ್ಕೆ ಇದು ಸಾಕ್ಷಿ.

ಉತ್ತರದ ಜತೆ ದಾರಿಯೂ ಇರಲಿ

ಪುಸ್ತಕದಂಗಡಿಗಳಲ್ಲಿ ಮಕ್ಕಳ ಕಥೇತರ ಪುಸ್ತಕಗಳ ಹೆಸರಿನಲ್ಲಿ ದೊರೆಯುವವುಗಳಲ್ಲಿ ಸಾಮಾನ್ಯ ಜ್ಞಾನದ ಪ್ರಶ್ನೋತ್ತರ ಮಾಲಿಕೆಗಳು ಹೇರಳ. ರಸಪ್ರಶ್ನೆಗೆ ಇವು ಉಪಯುಕ್ತವಾದರೂ ಓದಿನ ಹಸಿವನ್ನು ತಣಿಸಲಾರವು. ಉತ್ತಮ ಪುಸ್ತಕವು ಉತ್ತರ ನೀಡುವುದರ ಜತೆಗೆ, ಆ ಉತ್ತರ ದೊರೆತ ಬಗೆಯನ್ನೂ ತಿಳಿಸುತ್ತದೆ.

ಉದಾಹರಣೆಗೆ ಗದಗ ಜಿಲ್ಲೆಯ ಮಾಗಡಿ ಕೆರೆಯನ್ನೇ ತೆಗೆದುಕೊಳ್ಳಬಹುದು. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಈ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ ಎಂದಷ್ಟೇ ಒಂದು ಪುಸ್ತಕ ಹೇಳಬಹುದು. ಅವು ಅಲ್ಲಿಂದಲೇ ಬರುತ್ತವೆಂದು ತಿಳಿದದ್ದು ಹೇಗೆ, ಹಕ್ಕಿಯ ಕಾಲಿಗೆ ಉಂಗುರವನ್ನೋ ಕುತ್ತಿಗೆಗೆ ಸಂಖ್ಯೆಯುಳ್ಳ ಪಟ್ಟಿಯನ್ನೋ ತೊಡಿಸುವುದೇಕೆ, ಉಪಗ್ರಹದ ಮೂಲಕ ಅದರ ಜಾಡು ಹಿಡಿಯುವುದು ಹೇಗೆ ಎಂಬುದನ್ನು ಇನ್ನೊಂದು ಪುಸ್ತಕ ವಿವರಿಸಬಹುದು. ಮೊದಲನೆಯದು ಮಗುವಿನ ನೆನಪಿನಲ್ಲಿ ಉಳಿದರೆ ಉಳಿದೀತು. ಎರಡನೆಯದನ್ನು ಓದಿದ ಮಗು ಮುಂದಿನ ಬಾರಿ ಕೆರೆಯ ದಂಡೆಯಲ್ಲಿ ನಿಂತಾಗ ಹಕ್ಕಿಯ ಕಾಲಿನತ್ತ ದೃಷ್ಟಿ ಹಾಯಿಸುತ್ತದೆ.

ಮುದ್ರಣದ ವರ್ಷ ನೋಡಿ

ಕಥೆ ಹಳತಾಗದಿರಬಹುದು, ಮಾಹಿತಿ ಹಳತಾಗುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಮುದ್ರಣದ ವರ್ಷವನ್ನೂ, ಅದು ಪರಿಷ್ಕೃತ ಆವೃತ್ತಿಯೋ ಕೇವಲ ಮರುಮುದ್ರಣವೋ ಎಂಬುದನ್ನೂ ಗಮನಿಸುವುದು ಅಗತ್ಯ. ಸೌರಮಂಡಲದಲ್ಲಿ ಒಂಬತ್ತು ಗ್ರಹಗಳಿವೆ ಎನ್ನುವ ಪುಸ್ತಕ, ಪ್ಲೂಟೊವನ್ನು ಕುಬ್ಜಗ್ರಹವೆಂದು ವರ್ಗೀಕರಿಸಿದ 2006ಕ್ಕಿಂತ ಹಿಂದಿನ ತಿಳಿವಳಿಕೆಯಲ್ಲೇ ನಿಂತಿದೆ. ಭಾರತದ ನಕಾಶೆಯಲ್ಲಿ 2014ರಲ್ಲಿ ರಚನೆಯಾದ ತೆಲಂಗಾಣ, ಕರ್ನಾಟಕದ ನಕಾಶೆಯಲ್ಲಿ 2021ರಲ್ಲಿ 31ನೇ ಜಿಲ್ಲೆಯಾದ ವಿಜಯನಗರ ಇವೆಯೇ ಎಂದು ನೋಡುವುದು ಸುಲಭದ ಪರೀಕ್ಷೆ. ಹಳೆಯ ಪುಸ್ತಕಗಳನ್ನು ಸಾರಾಸಗಟಾಗಿ ತಿರಸ್ಕರಿಸಬೇಕೆಂದು ಇದರರ್ಥವಲ್ಲ. ಕಾರಂತರಂಥವರ ಕೃತಿಗಳನ್ನು ಅವುಗಳ ಕಾಲವನ್ನು ಮಗುವಿಗೆ ತಿಳಿಸಿ ಕೈಗಿತ್ತರೆ, ಅಂದಿಗೂ ಇಂದಿಗೂ ಅರಿವು ಹೇಗೆ ಬದಲಾಯಿತೆಂಬುದೇ ಒಂದು ಪಾಠವಾದೀತು.

ಜೀವನಚರಿತ್ರೆಗಳ ವಿಷಯದಲ್ಲಿ ಎಚ್ಚರ ಇನ್ನಷ್ಟು ಬೇಕು. ಸೇಬು ಮರದಿಂದ ಬೀಳುವುದು ತಮ್ಮ ಚಿಂತನೆಗೆ ಪ್ರೇರಣೆಯಾಯಿತೆಂದು ನ್ಯೂಟನ್ ಆಪ್ತರಲ್ಲಿ ಹೇಳಿಕೊಂಡಿದ್ದುಂಟು. ಅದು ಅವರ ತಲೆಯ ಮೇಲೆಯೇ ಬಿತ್ತೆಂಬುದಕ್ಕೆ ಆಧಾರವಿಲ್ಲ. ಸಾಧಕರ ಬಾಲ್ಯದ ಸಂಭಾಷಣೆಗಳನ್ನು ಕಣ್ಣಾರೆ ಕಂಡಂತೆ ಬರೆದ ಪುಸ್ತಕಗಳಲ್ಲಿ ಕಲ್ಪನೆಯ ಪಾಲೆಷ್ಟು ಎಂದು ವಿಚಾರಿಸಬೇಕು. ಸೋಲು, ಸಂದೇಹ, ಸಹೋದ್ಯೋಗಿಗಳ ನೆರವು ಇವನ್ನೂ ಹೇಳುವ ಜೀವನಚರಿತ್ರೆ ಬರಿಯ ಗುಣಗಾನಕ್ಕಿಂತ ಮಗುವಿಗೆ ಹತ್ತಿರವಾಗುತ್ತದೆ.

ಭಾಷೆ ಮತ್ತು ಚಿತ್ರ

ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಪಾರಿಭಾಷಿಕ ಪದಗಳೇ ಮಕ್ಕಳಿಗೆ ತೊಡಕಾಗುವುದುಂಟು. 'ದ್ಯುತಿಸಂಶ್ಲೇಷಣೆ' ಎಂಬ ಪದ ಬರಬಾರದೆಂದಲ್ಲ. ಎಲೆಯು ಬಿಸಿಲಿನ ನೆರವಿನಿಂದ ಆಹಾರ ತಯಾರಿಸಿಕೊಳ್ಳುವ ಕ್ರಿಯೆ ಅದೆಂದು ಮೊದಲ ಬಾರಿಗೇ ತಿಳಿಹೇಳಬೇಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂಬಂತೆ ಬೆಳೆಯುತ್ತಿರುವ ನಗರದ ಮಕ್ಕಳಿಗೆ ಇಂಥ ವಿವರಣೆ ಅತ್ಯವಶ್ಯ.

ಪುಸ್ತಕದ ಮಟ್ಟ ಅರಿಯಲು ಐದು ಬೆರಳಿನ ಉಪಾಯ ಪ್ರಚಲಿತವಾಗಿದೆ. ನಡುವಿನ ಯಾವುದಾದರೊಂದು ಪುಟವನ್ನು ಮಗು ಓದಲಿ. ಅರ್ಥವಾಗದ ಪ್ರತಿ ಪದಕ್ಕೆ ಒಂದು ಬೆರಳು ಮಡಚಲಿ. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿದರೆ ಸದ್ಯಕ್ಕೆ ಆ ಪುಸ್ತಕವನ್ನು ಜತೆಗೆ ಕುಳಿತು ಓದುವುದು ಲೇಸು. ಚಿತ್ರಗಳು ವಿಷಯಕ್ಕೆ ಹೊಂದುತ್ತವೆಯೇ, ಅಡಿಬರಹವಿದೆಯೇ, ಬೇಕಾದ ಸಂಗತಿಯನ್ನು ಹುಡುಕಲು ಪರಿವಿಡಿಯಿದೆಯೇ ಎಂಬುದನ್ನೂ ಪರಿಶೀಲಿಸಬಹುದು. ಕಥೇತರ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಲೇಬೇಕೆಂಬ ನಿಯಮವಿಲ್ಲ. ಇಷ್ಟವಾದಲ್ಲಿಂದ ಆರಂಭಿಸುವ ಸ್ವಾತಂತ್ರ್ಯ ಮಗುವಿಗಿರಲಿ.

ಕೊಳ್ಳುವುದೊಂದೇ ದಾರಿಯಲ್ಲ

ಬಣ್ಣದ ಚಿತ್ರಗಳ ಪುಸ್ತಕಗಳ ಬೆಲೆ ಎಲ್ಲರಿಗೂ ಎಟುಕುವಂಥದಲ್ಲ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆ ಕಡಿಮೆ ಬೆಲೆಯದು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳನ್ನು ಉಚಿತವಾಗಿ ಓದಬಹುದಾಗಿದ್ದು, ಅವುಗಳಲ್ಲಿ ವಿಜ್ಞಾನ, ಪರಿಸರ ವಿಷಯಗಳವೂ ಇವೆ. ಸಾರ್ವಜನಿಕ ಗ್ರಂಥಾಲಯದಿಂದ ತಂದ ಪುಸ್ತಕ ಹಿಡಿಸದಿದ್ದರೆ ಹಿಂದಿರುಗಿಸಬಹುದು. ಆಯ್ಕೆ ತಪ್ಪಿದರೂ ನಷ್ಟವಿಲ್ಲ.

ಆಯ್ಕೆಯ ಆರಂಭ ಮಾತ್ರ ಮಗುವಿನ ಪ್ರಶ್ನೆಯಿಂದಲೇ ಆಗಬೇಕು. ವಾರವೊಂದರಲ್ಲಿ ಅದು ಕೇಳಿದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಆ ಪಟ್ಟಿಯೊಡನೆ ಅಂಗಡಿಗೋ ಗ್ರಂಥಾಲಯಕ್ಕೋ ಮಗುವನ್ನೂ ಕರೆದೊಯ್ಯುವುದು ಸೂಕ್ತ. ಓದಿ ಮುಗಿಸಿದ ಮೇಲೆ ಪರೀಕ್ಷೆ ನಡೆಸುವ ಬದಲು, ತನಗೆ ಅಚ್ಚರಿಯೆನಿಸಿದ್ದೇನೆಂದು ಮಗುವೇ ಹೇಳಲಿ. ಹಿರಿಯರು ಕೇಳಿಸಿಕೊಂಡರೆ ಸಾಕು.